ಶರದೃತುವಿನ ದೆವ್ವಗಳು

ಯಾವ ಋತುವಿನಲ್ಲಿ ಯಾವ ಆಹಾರವನ್ನು ಸೇವಿಸಬೇಕು, ಯಾವುದನ್ನು ವರ್ಜಿಸಬೇಕು, ಯಾವಾಗ ಅಭ್ಯಂಗನ, ಯಾವಾಗ ಲಂಘನ ಎಂಬುದನ್ನೆಲ್ಲ ಋತುಚರ್ಯೆಯ ಅಧ್ಯಾಯದಲ್ಲಿ ಸಾಂಗೋಪಾಂಗವಾಗಿ ವಿವರಿಸಿರುವ ವಾಗ್ಭಟಾಚಾರ್ಯರು, ಯಾವ ಋತುವಿನಲ್ಲಿ ಯಾವ ಪುಸ್ತಕವನ್ನು ಓದತಕ್ಕದ್ದು ಎಂಬ ವಿಷಯದಲ್ಲಿ ಮಾತ್ರ ಮೌನವನ್ನು ತಾಳಿಬಿಟ್ಟಿದ್ದಾರೆ. ಈ ಲೋಪವನ್ನು ತುಂಬಿದ ಕೀರ್ತಿ ಇಂಗ್ಲಿಷರಿಗೂ ಅವರ ಅಮೆರಿಕದ ದಾಯಾದಿಗಳಿಗೂ ಸಲ್ಲಬೇಕು. ಮರದ ಎಲೆಗಳು ಕೆಂಪಡರಿ ಉದುರತೊಡಗಿದವೆಂದರೆ ಅವರಿಗೆ ದೆವ್ವದ ಕಾದಂಬರಿಯೇ ಪಥ್ಯ. ಬೆಂಕಿಗೂಡಿನ ಮುಂದಿನ ಒರಗುಕುರ್ಚಿ, ಕಾಲ ಮೇಲಿನ ಕಂಬಳಿ, ಕೈಯಲ್ಲಿನ ಬಿಸಿ ಚಹ, ಇವು ಅದರ ಅನುಪಾನ.

ಇದನ್ನು ಕೇವಲ ಖಯಾಲಿಯೆಂದು ತಳ್ಳಿಹಾಕುವಂತಿಲ್ಲ. ಇದಕ್ಕೆ ಭೂಗೋಳಶಾಸ್ತ್ರದ ಒತ್ತಾಸೆಯೂ ಉಂಟು. ಜೂನ್ ತಿಂಗಳಿನಲ್ಲಿ 16 ಗಂಟೆಗೂ ಮೀರಿದ ಹಗಲನ್ನು ಅನುಭವಿಸುವ ಲಂಡನ್ ನಗರ ಡಿಸೆಂಬರಿನ ಹೊತ್ತಿಗೆ ಸುಮಾರು 8 ಗಂಟೆಯ ಹಗಲಿಗೆ ಇಳಿದು ನಿಲ್ಲುತ್ತದೆ. ನಡುವಣ ತಿಂಗಳುಗಳಲ್ಲಿ ಕತ್ತಲೆಯು ದಿನದಿನಕ್ಕೂ ಹಗಲಿನ ಗಡಿಯನ್ನು ಒತ್ತುವರಿ ಮಾಡಿಕೊಳ್ಳುತ್ತ ಬರುವುದು ಕಣ್ಣಿಗೇ ಕಾಣುತ್ತದೆ. ವಾಷಿಂಗ್ಟನ್ ಇರ್ವಿಂಗ್ 1820ರಲ್ಲಿ ತನ್ನ ತಲೆಯಿಲ್ಲದ ಸವಾರನನ್ನು ಓಡಿಸಿದ್ದು ಶರತ್ಕಾಲದ ರಾತ್ರಿಯಲ್ಲಿ. ಎಡ್ಗರ್ ಅಲನ್ ಪೋ 1839ರಲ್ಲಿ ಅಷರ್ ಮನೆತನದ ಬಿರುಕುಬಿಟ್ಟ ಗೋಡೆಯನ್ನು ನಮಗೆ ತೋರಿಸಿದ್ದು ಶರತ್ಕಾಲದ ಮೋಡ ಮುಚ್ಚಿದ ಹಗಲಿನಲ್ಲಿ. ಮೇರಿ ಶೆಲ್ಲಿಯ ಫ್ರಾಂಕನ್‌ಸ್ಟೈನ್ ತಾನು ಜೋಡಿಸಿದ ದೇಹಕ್ಕೆ ಪ್ರಾಣಪ್ರತಿಷ್ಠೆ ಮಾಡಿದ್ದು ನವೆಂಬರಿನ ಮಳೆಯ ನಡುರಾತ್ರಿಯಲ್ಲಿ. ನಮ್ಮ ಮೈಸೂರಿನಲ್ಲಾದರೋ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಅಷ್ಟು ಅಲ್ಪವಾದ ಬಂಡವಾಳದಿಂದ ಯಾವ ದೆವ್ವವೂ ವ್ಯಾಪಾರ ಆರಂಭಿಸಲಾರದು.

ನಮ್ಮ ಕವಿಗಳು ವರ್ಣಿಸುವ ಶರದೃತುವಂತೂ ದೆವ್ವಗಳಿಗೆ ಸರ್ವಥಾ ಪ್ರತಿಕೂಲವಾದದ್ದು. ತಿಳಿಯಾದ ಕೊಳಗಳು, ಬಿಳಿಯ ಮೋಡಗಳು, ಅರಳಿದ ಕಾಶಪುಷ್ಪಗಳು, ಮರಳಿ ಬಂದ ಹಂಸಗಳು, ಅದರ ಮೇಲೆ ಆ ಬೆಳದಿಂಗಳು: ಇಷ್ಟೊಂದು ಬೆಳಕಿನಲ್ಲಿ ಯಾವ ಮಾನವಂತ ದೆವ್ವ ತಾನೆ ಹೊರಗೆ ಕಾಲಿಟ್ಟೀತು? ಏಕಾಂತವೆಂಬುದು ಅದಕ್ಕೆ ಇನ್ನೂ ದುರ್ಲಭ. ದಸರೆಗೆಂದು ಬಂದಿಳಿದ ನೆಂಟರಿಷ್ಟರು ಹಜಾರ, ನಡುಮನೆ, ಜಗಲಿಗಳನ್ನೆಲ್ಲ ವ್ಯಾಪಿಸಿ ಮಲಗಿರುವಾಗ, ನಡುರಾತ್ರಿಯಲ್ಲಿ ಸಂಚರಿಸಬೇಕೆಂದಿರುವ ಪ್ರೇತವು ಯಾರದಾದರೂ ಕಾಲನ್ನು ಎಡವಿ, ಯಾರೋ ಚಿಕ್ಕಪ್ಪನಿಂದ “ಯಾರೋ ಅದು, ದೀಪ ಹಾಕಿಕೊಂಡು ಓಡಾಡಬಾರದೇ?” ಎಂದು ಬೈಸಿಕೊಳ್ಳುವುದು ನಿಶ್ಚಯ. ಒಂದು ವಿಷಯದಲ್ಲಿ ಮಾತ್ರ ಪ್ರಕೃತಿ ನಮ್ಮ ಓದುಗನಿಗೆ ಸಹಕಾರಿ. ಅದು ಚಿತ್ತೆಯ ಮಳೆ. ಮಧ್ಯಾಹ್ನದವರೆಗೂ ನಿರ್ಮಲವಾಗಿದ್ದ ಆಕಾಶ ನಾಲ್ಕು ಗಂಟೆಯ ಸುಮಾರಿಗೆ ಚಾಮುಂಡಿಬೆಟ್ಟದ ಕಡೆಯಿಂದ ಕಪ್ಪಾಗಿ, ಗುಡುಗಿ, ಸುರಿದು, ಊರಿನ ಕರೆಂಟನ್ನೂ ತನ್ನೊಡನೆ ಕೊಂಡೊಯ್ಯುತ್ತದೆ. ಆ ಹೊತ್ತಿನಲ್ಲಿ ಹಾಸಿಗೆಯ ಸುರುಳಿಗೆ ಒರಗಿ, ಹಳೆಯ ಶಾಲನ್ನು ಕತ್ತಿನವರೆಗೆ ಎಳೆದುಕೊಂಡು, ಕೋಡುಬಳೆಯ ಡಬ್ಬವನ್ನು ಕೈಗೆ ಎಟುಕುವಂತೆ ಇರಿಸಿಕೊಂಡು, ಕಿಟಕಿಯ ಬೆಳಕಿನಲ್ಲಿ ಪರದೇಶದ ಪಿಶಾಚಿಯೊಂದರ ವೃತ್ತಾಂತವನ್ನು ಓದುವ ಸುಖವನ್ನು ನಾನು ಪ್ರತಿವರ್ಷವೂ ಅನುಭವಿಸುತ್ತ ಬಂದಿದ್ದೇನೆ.

ಈ ಸುಖಕ್ಕೆ ಬ್ರಾಮ್ ಸ್ಟೋಕರನು 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಉತ್ತಮೋತ್ತಮವಾದ ಸಾಧನ. ಭೀಕರತೆಗೆ ಲೋಕಪ್ರಸಿದ್ಧವಾದ ಈ ಗ್ರಂಥ ಆರಂಭವಾಗುವುದು ಊಟದಿಂದ ಎಂಬುದನ್ನು ಬಹಳ ಜನ ಗಮನಿಸಿಲ್ಲ. ಕಥಾನಾಯಕನಾದ ತರುಣ ವಕೀಲ ಹಾರ್ಕರ್ ಡ್ರಾಕುಲಾ ಪ್ರಭುವಿನ ದುರ್ಗದತ್ತ ಪ್ರಯಾಣಮಾಡುತ್ತ, ಕೆಂಪು ಮೆಣಸಿನಕಾಯಿ ಹಾಕಿದ ಕೋಳಿಯ ಪದಾರ್ಥವೊಂದನ್ನು ಉಂಡು, ಅದನ್ನು ಮಾಡುವ ಕ್ರಮವನ್ನು ತನ್ನ ಭಾವೀ ಪತ್ನಿ ಮೀನಾಳಿಗಾಗಿ ಬರೆದುಕೊಳ್ಳಬೇಕೆಂದು ದಿನಚರಿಯಲ್ಲಿ ಗುರುತುಹಾಕಿಕೊಳ್ಳುತ್ತಾನೆ. ಮರುದಿನದ ಬೆಳಗಿನ ಉಪಾಹಾರದಲ್ಲಿ ತುಂಬಿದ ಬದನೆಕಾಯಿಯನ್ನು ತಿಂದು, ಇದನ್ನೂ ಬರೆದುಕೊಳ್ಳಬೇಕು ಎನ್ನುತ್ತಾನೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಕೆಂಪನ್ನೂ ಎಣ್ಣೆಗಾಯಿಯ ಘಮಲನ್ನೂ ಬಲ್ಲ ಯಾವ ಕನ್ನಡಿಗನಿಗೆ ಈ ಮನುಷ್ಯನ ಮೇಲೆ ವಿಶ್ವಾಸ ಹುಟ್ಟದು? ಇಪ್ಪತ್ತೇಳು ಅಧ್ಯಾಯಗಳಲ್ಲಿ ಅಷ್ಟೊಂದು ರಕ್ತ ಹರಿದರೂ ನನ್ನನ್ನು ಕಾಡುವ ಪ್ರಶ್ನೆ ಒಂದೇ: ಆ ಬದನೆಕಾಯಿಯ ಕ್ರಮ ಕಡೆಗೂ ಮೀನಾಳ ಕೈ ಸೇರಿತೇ?

ಪ್ರಭುವಿನ ಸ್ವಭಾವವನ್ನು ವಿಚಾರಿಸಿದರೆ ಆತನು ನಮ್ಮ ದೇಶಕ್ಕೆ ಬರಲಿಲ್ಲವಲ್ಲ ಎಂದು ವಿಷಾದವಾಗುತ್ತದೆ. ಬೆಳ್ಳುಳ್ಳಿಯ ವಾಸನೆಗೆ ಹಿಮ್ಮೆಟ್ಟುವ ಆತನಿಗೆ, ಬೆಳ್ಳುಳ್ಳಿಯನ್ನು ಹೊಸ್ತಿಲೊಳಗೇ ಬಿಡದ ನಮ್ಮ ಮಡಿಯ ಅಡಿಗೆಮನೆಗಳು ಎಷ್ಟು ಹಿತವಾಗಿರುತ್ತಿದ್ದವು! ಮನೆಯವರು ಯಾರಾದರೂ ಮೊದಲೊಮ್ಮೆ ಬಾಯಿಬಿಟ್ಟು ಕರೆದ ಹೊರತು ಆತನು ಒಳಗೆ ಬರುವಂತಿಲ್ಲ. ದಸರೆಯ ಅತಿಥಿಗಳನ್ನು ಕಂಡವರಿಗೆ ಈ ಸೌಜನ್ಯದ ಬೆಲೆ ಗೊತ್ತು. ಇನ್ನು ರಕ್ತ ಹೀರುವ ಮಾತು. ಶರದೃತುವಿನಲ್ಲಿ ಪಿತ್ತವು ಪ್ರಕೋಪಗೊಳ್ಳುವುದೆಂದೂ, ವಿರೇಚನ ಮತ್ತು ರಕ್ತಮೋಕ್ಷಣಗಳು ಅದಕ್ಕೆ ಚಿಕಿತ್ಸೆಯೆಂದೂ ವಾಗ್ಭಟರೇ ವಿಧಿಸಿರುವುದರಿಂದ, ಪ್ರಭುವು ಈ ಋತುವಿನಲ್ಲಿ ಮಾಡುವುದನ್ನು ವೈದ್ಯವೆಂದು ಒಪ್ಪಿಕೊಳ್ಳಲು ಶಾಸ್ತ್ರದ ಅಡ್ಡಿಯೇನೂ ಕಾಣುವುದಿಲ್ಲ.

ಪರದೇಶದ ದೆವ್ವಗಳ ವ್ಯಾಧಿಯ ಮೂಲ ಯಾವುದೆಂಬುದನ್ನು ಮಾತ್ರ ನನಗೆ ತಿಳಿಸಿಕೊಟ್ಟವರು ನನ್ನ ಸೋದರತ್ತೆ. ಶರದೃತುವಿನ ಹೊಸ್ತಿಲಿನಲ್ಲಿಯೇ ಪಿತೃಪಕ್ಷ ಕುಳಿತಿರುವುದಷ್ಟೆ. ಅಂಥ ಒಂದು ಮಧ್ಯಾಹ್ನ ಅವರು ತರ್ಪಣಕ್ಕೆಂದು ತಂದ ಕರಿ ಎಳ್ಳನ್ನು ಮೊರದಲ್ಲಿ ಹರಡಿ ಕಲ್ಲು ಆರಿಸುತ್ತ, ನಾನು ಓದುತ್ತಿದ್ದುದೇನೆಂದು ಕೇಳಿದರು. ಅದು ಹೆನ್ರಿ ಜೇಮ್ಸ್ 1898ರಲ್ಲಿ ಪ್ರಕಟಿಸಿದ ‘ದಿ ಟರ್ನ್ ಆಫ್ ದಿ ಸ್ಕ್ರೂ’. ಹಳ್ಳಿಯ ಬಂಗಲೆ, ತಬ್ಬಲಿ ಮಕ್ಕಳಿಬ್ಬರು, ಅವರಿಗೆ ಪಾಠ ಹೇಳಲು ಬಂದ ತರುಣಿ, ಅವಳ ಕಣ್ಣಿಗೆ ಬುರುಜಿನ ಮೇಲೂ ಕಿಟಕಿಯ ಹೊರಗೂ ಕಾಣಿಸಿಕೊಳ್ಳುವ ಸತ್ತ ಆಳು ಕ್ವಿಂಟ್: ಎಲ್ಲವನ್ನೂ ನಾನು ಸಾಧ್ಯವಾದಷ್ಟು ಧ್ವನಿ ತಗ್ಗಿಸಿ ನಿರೂಪಿಸಿದೆ. ಅತ್ತೆ ಒಂದು ಕಲ್ಲನ್ನು ಹೆಕ್ಕಿ ಪಕ್ಕಕ್ಕೆ ಹಾಕಿ ಕೇಳಿದರು:

“ಅಲ್ಲ ಕಣೋ, ಆ ಕ್ವಿಂಟನಿಗೆ ಹೆಂಡತಿ ಮಕ್ಕಳು ಯಾರೂ ಇಲ್ಲವೇ?”

“ಇದ್ದಂತೆ ಕಾಣುವುದಿಲ್ಲ, ಅತ್ತೆ.”

“ಅಣ್ಣತಮ್ಮಂದಿರು? ಹೋಗಲಿ, ದಾಯಾದಿಗಳು?”

“ಲೇಖಕ ಹೇಳಿಲ್ಲ.”

“ಮತ್ತೆ ಅವನು ಕಿಟಕಿ ಹತ್ತಿರ ಬಂದು ನಿಲ್ಲದೆ ಏನು ಮಾಡುತ್ತಾನೆ ಪಾಪ! ಯಾರಾದರೂ ಒಂದು ಪಿಂಡ ಹಾಕಿದ್ದರೆ ತನ್ನ ಪಾಡಿಗೆ ಹೋಗುತ್ತಿದ್ದ. ಅಷ್ಟು ದೊಡ್ಡ ಬಂಗಲೆ ಕಟ್ಟಿದ್ದಾರೆ, ಒಬ್ಬ ಪುರೋಹಿತರು ಸಿಗಲಿಲ್ಲವೇ?”

ಆ ಕಥೆಯ ದೆವ್ವಗಳು ನಿಜವೋ ಅಥವಾ ಆ ತರುಣಿಯ ಮನೋವಿಕಾರವೋ ಎಂಬುದರ ಮೇಲೆ ಎಡ್ಮಂಡ್ ವಿಲ್ಸನ್ 1934ರಲ್ಲಿ ಲೇಖನ ಬರೆದಂದಿನಿಂದ ವಿಮರ್ಶಕರು ಪುಸ್ತಕದ ಮೇಲೆ ಪುಸ್ತಕ ಬರೆದು ಕಾದಾಡಿದ್ದಾರೆ. ನಮ್ಮ ಅತ್ತೆಯವರ ದೃಷ್ಟಿಯಲ್ಲಿ ಅದು ಬಾಕಿಯಾದ ಒಂದು ತಿಥಿ. ನಮ್ಮಲ್ಲಿ ಸತ್ತವರು ಬರುವುದಕ್ಕೆ ಪಂಚಾಂಗವುಂಟು, ಗೋತ್ರವುಂಟು, ವಡೆ ಪಾಯಸಗಳುಂಟು. ಬಂದವರು ತೃಪ್ತರಾಗಿ ಹರಸಿ ಹೋಗುತ್ತಾರೆ. ಕರೆಯುವವರಿಲ್ಲದ ಸತ್ತವರು ಮಾತ್ರ ಕಾದಂಬರಿಗೆ ಬರುತ್ತಾರೆ.

ಪಿತೃಪಕ್ಷವನ್ನು ದಾಟಿದ ಓದುಗನಿಗೆ ನವರಾತ್ರಿಯಲ್ಲಿ ಇನ್ನೊಂದು ಗಂಡಾಂತರ ಕಾದಿರುತ್ತದೆ. ಮೂಲಾ ನಕ್ಷತ್ರದ ದಿನ ಸರಸ್ವತಿಯ ಆವಾಹನೆಯಾಗಿ, ಮನೆಯ ಪುಸ್ತಕಗಳೆಲ್ಲ ಮಣೆಯ ಮೇಲೆ ಏರಿ ಕುಳಿತವೆಂದರೆ, ವಿಸರ್ಜನೆಯಾಗುವವರೆಗೆ ಯಾವುದನ್ನೂ ತೆರೆದು ಓದುವಂತಿಲ್ಲ. ಕಾದಂಬರಿಗೆ, ಅದರಲ್ಲಿಯೂ ಮ್ಲೇಚ್ಛ ಪಿಶಾಚಿಯ ಕಾದಂಬರಿಗೆ, ಈ ನಿಯಮ ಅನ್ವಯಿಸಲಾರದೆಂದು ನಾನು ವಾದಿಸಿದ್ದುಂಟು. ಅಕ್ಷರವಿರುವುದೆಲ್ಲ ಸರಸ್ವತಿಯೇ ಎಂಬ ಒಂದೇ ಮಾತಿನಿಂದ ಅತ್ತೆ ನನ್ನನ್ನು ನಿರುತ್ತರನನ್ನಾಗಿ ಮಾಡಿದರು. ಡ್ರಾಕುಲಾ ಪ್ರಭು ಅಮರಕೋಶಕ್ಕೂ ಜೈಮಿನಿ ಭಾರತಕ್ಕೂ ನಡುವೆ ಸ್ಥಾನವನ್ನು ಪಡೆದು, ರಟ್ಟಿನ ಮೇಲೆ ಅರಿಸಿನ ಕುಂಕುಮ ಅಕ್ಷತೆಗಳನ್ನು ಧರಿಸಿ, ಮಂಗಳಾರತಿಯನ್ನು ಸ್ವೀಕರಿಸಿದನು. ಶಿಲುಬೆಯನ್ನು ಕಂಡು ಬೆದರುವವನು ಇದನ್ನು ಹೇಗೆ ಸಹಿಸಿದನೋ ತಿಳಿಯದು. ಲೂಸಿ ಎಂಬ ಹುಡುಗಿಯ ಪ್ರಾಣ ಉಳಿಯಿತೋ ಹೋಯಿತೋ ತಿಳಿಯದೆ, ವಿಜಯದಶಮಿಯವರೆಗೆ ನಾನು ಪಟ್ಟ ಪಾಡು ಮಾತ್ರ ಆತನದಕ್ಕಿಂತ ಘೋರವಾದದ್ದು.

ದೆವ್ವದ ಕಾದಂಬರಿಯ ಸೌಮ್ಯಳಾದ ತಂಗಿಯೊಬ್ಬಳು ಇದ್ದಾಳೆ: ಬೆಚ್ಚಗಿನ ಕೊಲೆಯ ಕಾದಂಬರಿ. ಅಗಾಥಾ ಕ್ರಿಸ್ಟಿಯು 1942ರಲ್ಲಿ ಪ್ರಕಟಿಸಿದ ‘ದಿ ಬಾಡಿ ಇನ್ ದಿ ಲೈಬ್ರರಿ’ಯಲ್ಲಿ, ತನ್ನ ಹೂವುಗಳಿಗೆ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂದಂತೆ ಕನಸು ಕಾಣುತ್ತ, ಬೆಳಗಿನ ಚಹಕ್ಕಾಗಿ ಕಾಯುತ್ತ ಮಲಗಿರುವ ಯಜಮಾನಿಗೆ, ಪುಸ್ತಕದ ಕೋಣೆಯಲ್ಲಿ ಹೆಣ ಬಿದ್ದಿದೆಯೆಂಬ ಸುದ್ದಿ ಬರುತ್ತದೆ. ಆಕೆ ಮಾಡುವ ಕೆಲಸವೆಂದರೆ, ಉಣ್ಣೆ ಹೆಣೆಯುವ ತನ್ನ ಮುದಿ ಸ್ನೇಹಿತೆ ಮಿಸ್ ಮಾರ್ಪಲ್‌ಗೆ ಫೋನು ಮಾಡಿ ಉತ್ಸಾಹದಿಂದ ಕರೆಯುವುದು! ನಮ್ಮಲ್ಲಿ ಇಂಥ ಕಾದಂಬರಿ ಏಕೆ ಬೆಳೆಯಲಿಲ್ಲವೆಂದು ಕೆಲವರು ಕೇಳುತ್ತಾರೆ. ಹೆಣವಿರುವ ಮನೆಯಲ್ಲಿ ನಾವು ಒಲೆ ಹಚ್ಚುವುದಿಲ್ಲ. ಪತ್ತೇದಾರನಿಗೆ ಕಾಫಿ ಹುಟ್ಟುವುದಿಲ್ಲ. ಅದು ಇಲ್ಲದೆ ಯಾವ ಬುದ್ಧಿ ತಾನೆ ಓಡೀತು? ಅಲ್ಲದೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿ ರಹಸ್ಯವನ್ನು ಬಯಲುಮಾಡುವ ಪತ್ತೇದಾರನ ಅಗತ್ಯವೇ ನಮಗಿಲ್ಲ. ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ, ಎರಡನೆಯ ಸಲ ಲಾಡು ಬರುವಷ್ಟರಲ್ಲಿ, ಮೂರು ತಲೆಮಾರಿನ ರಹಸ್ಯಗಳು ತಾವಾಗಿಯೇ ಹೊರಬಿದ್ದಿರುತ್ತವೆ. ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರು ತಮ್ಮ ಪತ್ತೇದಾರ ಪುರುಷೋತ್ತಮನನ್ನು ಮನೆಯೊಳಗೆ ಕೂರಿಸದೆ ಸಾಹಸಕ್ಕೆ ಅಟ್ಟಿದ್ದು ಎಷ್ಟು ವಿವೇಕದ ಕೆಲಸವೆಂದು ಈಗ ತಿಳಿಯುತ್ತದೆ.

ಹಾಗಾದರೆ ಜನ ತುಂಬಿದ ನಮ್ಮ ಮನೆಗಳಲ್ಲಿ ಭಯದ ಓದಿಗೆ ಅವಕಾಶವೇ ಇಲ್ಲವೆಂದು ತೀರ್ಮಾನಿಸಬೇಕೆ? ಇತಿಹಾಸ ಹಾಗೆ ಹೇಳುವುದಿಲ್ಲ. 1815ರ ಏಪ್ರಿಲಿನಲ್ಲಿ ಇಂಡೋನೇಷ್ಯದ ತಂಬೋರಾ ಅಗ್ನಿಪರ್ವತ ಸಿಡಿದು, ಅದರ ಧೂಳು ಮರುವರ್ಷ ಯೂರೋಪಿನ ಬೇಸಗೆಯನ್ನೇ ಅಪಹರಿಸಿತು. ಆ ಮಳೆಯಲ್ಲಿ ಜಿನೀವಾ ಸರೋವರದ ದಡದ ಮನೆಯೊಂದರಲ್ಲಿ ಸಿಕ್ಕಿಕೊಂಡ ಕವಿ ಬೈರನ್, ಅವನ ವೈದ್ಯ ಪಾಲಿಡೊರಿ, ಕವಿ ಶೆಲ್ಲಿ, ಹದಿನೆಂಟು ವರ್ಷದ ಮೇರಿ, ಅವಳ ಮಲತಂಗಿ ಕ್ಲೇರ್ ಒಟ್ಟಿಗೆ ಕುಳಿತು ದೆವ್ವದ ಕಥೆಗಳನ್ನು ಓದಿಕೊಂಡರು; ನಾವೂ ಒಂದೊಂದು ಬರೆಯೋಣವೆಂದು ಪಂಥ ಕಟ್ಟಿದರು. ಅದರಿಂದಲೇ 1818ರಲ್ಲಿ ‘ಫ್ರಾಂಕನ್‌ಸ್ಟೈನ್’, 1819ರಲ್ಲಿ ಪಾಲಿಡೊರಿಯ ‘ದಿ ವ್ಯಾಂಪೈರ್’ ಹುಟ್ಟಿದವು. ಎಂ. ಆರ್. ಜೇಮ್ಸ್ ತನ್ನ ದೆವ್ವಗಳನ್ನು ಹೆಚ್ಚಾಗಿ ಬಿಟ್ಟದ್ದೂ ಕೇಂಬ್ರಿಜ್‌ನಲ್ಲಿ ಕ್ರಿಸ್‌ಮಸ್‌ಗೆ ನೆರೆದ ಗೆಳೆಯರ ನಡುವೆಯೇ. ಪರದೇಶದ ದೆವ್ವವೂ ಹೆರಿಗೆಗೆ ಆರಿಸಿಕೊಂಡದ್ದು ತುಂಬಿದ ಮನೆಯನ್ನು.

ಭಯವೂ ಸುಖವಾಗುವ ಈ ಗುಟ್ಟನ್ನು ನಮ್ಮ ಆಲಂಕಾರಿಕರು ಮೊದಲೇ ಬಲ್ಲರು. ದುಷ್ಯಂತನ ರಥಕ್ಕೆ ಬೆದರಿ ಕತ್ತು ತಿರುಗಿಸಿ ನೋಡುತ್ತ ಓಡುವ ಜಿಂಕೆಯ ಶ್ಲೋಕವನ್ನು ನಿದರ್ಶನವಾಗಿ ತೆಗೆದುಕೊಂಡು ಅಭಿನವಗುಪ್ತರು ವಿವೇಚಿಸಿದ್ದಾರೆ: ಅಲ್ಲಿನ ಭಯ ಆ ಜಿಂಕೆಗೂ ಅಂಟಿದ್ದಲ್ಲ, ಸಹೃದಯನಿಗೂ ಅಂಟಿದ್ದಲ್ಲ, ದೇಶಕಾಲಗಳ ಕಟ್ಟಿನಿಂದ ಬಿಡಿಸಿಕೊಂಡ ಭಯವಾದ್ದರಿಂದಲೇ ಅದು ರಸವಾಗುತ್ತದೆ. ಆ ಮಹನೀಯರ ಪಾದಗಳಿಗೆ ಎರಗಿ ನಾನು ಸೇರಿಸಬಹುದಾದ ವಾರ್ತಿಕ ಇಷ್ಟೆ: ಹಾಗೆ ಬಿಡಿಸಿಕೊಳ್ಳಬೇಕಾದರೆ ಪಕ್ಕದ ಕೋಣೆಯಲ್ಲಿ ಯಾರಾದರೂ ಗೊರಕೆ ಹೊಡೆಯುತ್ತಿರಬೇಕು, ಅಡಿಗೆಮನೆಯಲ್ಲಿ ಒಗ್ಗರಣೆಯ ಸದ್ದು ಕೇಳುತ್ತಿರಬೇಕು. ಒಂಟಿ ಮನೆಯಲ್ಲಿ ಓದಿದ ಭಯ ಬರಿಯ ಭಯ, ಅದಕ್ಕೆ ರಸಪದವಿಯಿಲ್ಲ.

ಆದುದರಿಂದ ಓದುಗ ಮಹಾಶಯರಲ್ಲಿ ನನ್ನ ವಿಜ್ಞಾಪನೆ: ದೆವ್ವದ ಕಾದಂಬರಿಯನ್ನು ನೆಂಟರೆಲ್ಲ ಊರಿಗೆ ಹೋಗಲಿ, ಮನೆ ನಿಶ್ಶಬ್ದವಾಗಲಿ ಎಂದು ಕಾಯುತ್ತ ಮುಂದಕ್ಕೆ ಹಾಕಬೇಡಿ. ನೆಂಟರು ಇರುವಾಗಲೇ ಓದಿ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೂ ಕಥೆಯನ್ನು ಹೇಳಿ. ಯಾವ ವಿಮರ್ಶಕನೂ ಕೊಡದ ಪರಿಹಾರವನ್ನು ಅವರು ಕೊಟ್ಟಾರು. ಮತ್ತು ಮೂಲಾ ನಕ್ಷತ್ರ ಯಾವಾಗ ಬರುತ್ತದೆಂಬುದನ್ನು ಪಂಚಾಂಗದಲ್ಲಿ ನೋಡಿಕೊಂಡೇ ಪುಸ್ತಕವನ್ನು ಕೈಗೆತ್ತಿಕೊಳ್ಳಿ.