‘ಹೈಕಮಾಂಡ್ ಮರೆತರೆ ಜಿಲ್ಲಾ ಘಟಕ ಏನು ಮಾಡೀತು?’

ಅಖಿಲ ದೊಡ್ಡಕರುಳು ಬ್ಯಾಕ್ಟೀರಿಯಾ ಮಹಾಮಂಡಲದ ಅಧ್ಯಕ್ಷರು ಪತ್ರಿಕೆಯವರನ್ನು ಹತ್ತಿರ ಸೇರಿಸುವವರಲ್ಲ. ಈ ಸಂದರ್ಶನಕ್ಕೂ ಎರಡು ಷರತ್ತು ಹಾಕಿಯೇ ಒಪ್ಪಿದರು. ಒಂದು, ಬರುವಾಗ ಆಮ್ಲಜನಕ ತರಕೂಡದು. ಮಹಾಮಂಡಲದ ಬಹುಪಾಲು ಸದಸ್ಯರು ಗಾಳಿ ಸೋಕಿದರೆ ಉಳಿಯುವವರಲ್ಲ. ಎರಡು, ಯಾರ ಹೊಟ್ಟೆಯಲ್ಲಿ ಭೇಟಿಯಾಯಿತು ಎಂದು ಬರೆಯಕೂಡದು. ಎರಡಕ್ಕೂ ಒಪ್ಪಿ ಹೋದೆ. ಒಳಗೆ ಕಗ್ಗತ್ತಲು, 37 ಡಿಗ್ರಿ ಸೆಕೆ. ವಾಸನೆಯ ವಿಚಾರ ಬಿಡೋಣ. ಹಿಂದಿನ ರಾತ್ರಿಯ ಮುದ್ದೆ, ಬಸ್ಸಾರು ಆಗಷ್ಟೇ ಬಂದು ತಲುಪಿದ್ದರಿಂದ ಅಧ್ಯಕ್ಷರು ಖುಷಿಯಾಗಿದ್ದರು. ಸೊಪ್ಪಿನ ನಾರೊಂದನ್ನು ನಿಧಾನವಾಗಿ ಕರಗಿಸುತ್ತಲೇ ಮಾತಿಗೆ ಕೂತರು.

ನಾನು: ಅಧ್ಯಕ್ಷರೇ, ನೇರ ವಿಷಯಕ್ಕೆ ಬರುತ್ತೇನೆ. ನಮ್ಮ ಹಿರಿಯರಿಗೆ ಅಲ್ಝೈಮರ್ ಬರುವುದಕ್ಕೆ ನೀವೇ ಕಾರಣ ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ.

ಅಧ್ಯಕ್ಷರು: ಓಡಾಡಲಿ ಬಿಡಿ. ನಮ್ಮ ಜನಸಂಖ್ಯೆಯ ವಿಚಾರದಲ್ಲಿ ಏನು ಓಡಾಡಿತ್ತು? ಮನುಷ್ಯನ ಒಂದು ಜೀವಕೋಶಕ್ಕೆ ನಾವು ಹತ್ತು ಮಂದಿ ಅಂತ. ನಲವತ್ತು ವರ್ಷ ಪಠ್ಯಪುಸ್ತಕದಲ್ಲೂ ಅದೇ ಇತ್ತು. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಕೂತು ಲೆಕ್ಕ ಹಾಕಿದರು. ನಾವು ಸುಮಾರು 38 ಲಕ್ಷ ಕೋಟಿ, ನಿಮ್ಮ ಜೀವಕೋಶಗಳು 30 ಲಕ್ಷ ಕೋಟಿ. ಎಲ್ಲರನ್ನೂ ಸೇರಿಸಿ ತಕ್ಕಡಿಗೆ ಹಾಕಿದರೆ ಇನ್ನೂರು ಗ್ರಾಂ. ಸದಸ್ಯತ್ವದ ಸಂಖ್ಯೆಯನ್ನು ಉಬ್ಬಿಸಿ ಹೇಳುವ ಚಾಳಿ ನಿಮ್ಮ ಪಕ್ಷಗಳದು ಸ್ವಾಮಿ, ನಮ್ಮದಲ್ಲ.

ನಾನು: ಲೆಕ್ಕ ಇರಲಿ, ಆರೋಪಕ್ಕೆ ಬನ್ನಿ.

ಅಧ್ಯಕ್ಷರು: ಬರ್ತೀನಿ. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಆಗಸ್ಟೆ ಡೆಟರ್ ಅಂತ 51 ವರ್ಷದ ಹೆಂಗಸನ್ನ ಕರಕೊಂಡು ಬಂದರು. ಅಲೋಯಿಸ್ ಅಲ್ಝೈಮರ್ ಅನ್ನೋ ವೈದ್ಯರು ಆಕೆಯನ್ನ ಮಾತಾಡಿಸಿ ಎಲ್ಲಾ ಬರೆದಿಟ್ಟುಕೊಂಡರು. 1906ರಲ್ಲಿ ಆಕೆ ತೀರಿಹೋದ ಮೇಲೆ ಮೆದುಳನ್ನ ತರಿಸಿಕೊಂಡು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು. ಜೀವಕೋಶಗಳ ಹೊರಗೆ ಗಡ್ಡೆಗಟ್ಟಿದ ಕಸ, ಒಳಗೆ ಗಂಟು ಬಿದ್ದ ಎಳೆ. ಹೊರಗಿನದು ಅಮೈಲಾಯ್ಡ್, ಒಳಗಿನದು ಟೌ ಅಂತ ಆಮೇಲೆ ಗೊತ್ತಾಯಿತು. ಅಲ್ಲಿಂದ ನೂರು ವರ್ಷ ತನಿಖೆಯೆಲ್ಲ ಹೈಕಮಾಂಡ್ ಕಚೇರಿಯಲ್ಲೇ ನಡೆಯಿತು. ಮೆದುಳಿನ ಬಗ್ಗೆ ಹೇಳ್ತಿದ್ದೀನಿ. ಜಿಲ್ಲಾ ಘಟಕದ ಕಡೆ ಒಬ್ಬರೂ ತಲೆ ಹಾಕಲಿಲ್ಲ. ಅಲ್ಲಿ ಅಂದುಕೊಂಡ ಹಾಗೆ ಮದ್ದು ಸಿಗದೇ ಹೋದಾಗ ನಾವು ನೆನಪಾದೆವು.

ನಾನು: ಸುಮ್ಮನೆ ನೆನಪಾಗಲಿಲ್ಲವಲ್ಲ. 2017ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಅಲ್ಝೈಮರ್ ಇರುವ 25 ಜನರ ಮಲವನ್ನು, ಇಲ್ಲದ 25 ಜನರ ಮಲದ ಜೊತೆ ಹೋಲಿಸಿದರು. ರೋಗಿಗಳ ಕರುಳಿನಲ್ಲಿ ನಿಮ್ಮ ವೈವಿಧ್ಯ ಕಡಿಮೆ, ಫರ್ಮಿಕ್ಯೂಟ್ಸ್ ಬಣ ಸೊರಗಿದೆ, ಬ್ಯಾಕ್ಟೀರಾಯ್ಡಿಟೀಸ್ ಬಣ ಕೊಬ್ಬಿದೆ, ಬೈಫಿಡೋಬ್ಯಾಕ್ಟೀರಿಯಂನವರಂತೂ ಇಳಿದುಹೋಗಿದ್ದಾರೆ.

ಅಧ್ಯಕ್ಷರು: ಅಂಕಿಸಂಖ್ಯೆ ಒಪ್ತೀನಿ. ಬಣ ರಾಜಕೀಯ ನಮ್ಮಲ್ಲೂ ಇದೆ. ಆದರೆ ಯಾವುದು ಮೊದಲು? ಮರೆವು ಶುರುವಾದ ಮನುಷ್ಯ ಏನು ತಿಂತಾನೆ? ಹಲ್ಲಿಗೆ ತ್ರಾಸ ಅಂತ ಸೊಪ್ಪು ಬಿಡ್ತಾನೆ, ಬೆಳಗ್ಗೆ ಬಿಸ್ಕತ್ತು, ಸಂಜೆ ಬಿಸ್ಕತ್ತು. ಓಡಾಟ ನಿಲ್ಲುತ್ತೆ, ಮಲಬದ್ಧತೆ ಹಿಡಿಯುತ್ತೆ, ಜೊತೆಗೆ ನಾಲ್ಕಾರು ಮಾತ್ರೆ. ಮನೆಯ ಯಜಮಾನ ಉಣ್ಣೋದನ್ನ ಮರೆತ ಮೇಲೆ ಅಡುಗೆಮನೆಯಲ್ಲಿ ಇಲಿ ಕಡಿಮೆಯಾದರೆ, ಇಲಿ ಕಡಿಮೆಯಾಗಿದ್ದಕ್ಕೇ ಯಜಮಾನನಿಗೆ ಮರೆವು ಬಂತು ಅಂತೀರಾ?

ನಾನು: ಮರೆವು ಇನ್ನೂ ಶುರುವೇ ಆಗದವರಲ್ಲೂ ವ್ಯತ್ಯಾಸ ಕಂಡರೆ? ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2023ರಲ್ಲಿ, ಬುದ್ಧಿ ನೆಟ್ಟಗಿದ್ದ 164 ಜನರನ್ನು ಪರೀಕ್ಷಿಸಿದರು. ಅವರಲ್ಲಿ 49 ಮಂದಿಗೆ ರೋಗದ ಮೊದಲ ಗುರುತುಗಳು ಒಳಗೊಳಗೇ ಇದ್ದವು. ಆ 49 ಜನರ ಕರುಳಿನ ಬ್ಯಾಕ್ಟೀರಿಯಾ ಬೇರೆಯೇ ಇದ್ದವು. ಊಟ ಎರಡೂ ಗುಂಪಿನವರದು ಹೆಚ್ಚುಕಡಿಮೆ ಒಂದೇ.

(ಅಧ್ಯಕ್ಷರು ನಾರು ಕರಗಿಸುವುದನ್ನು ನಿಲ್ಲಿಸಿದರು. ಎಲ್ಲೋ ಒಂದು ಗುಳುಗುಳು ಸದ್ದು.)

ಅಧ್ಯಕ್ಷರು: ಇದಕ್ಕೆ ನನ್ನ ಹತ್ತಿರ ಥಟ್ ಅನ್ನೋ ಉತ್ತರ ಇಲ್ಲ. ಬಿಸ್ಕತ್ತಿನ ವಾದ ಇಲ್ಲಿ ನಡೆಯೋದಿಲ್ಲ. ಆದರೆ ಮೇಲಿನಿಂದ ಕೆಳಗೆ ಬಂತೋ, ಕೆಳಗಿನಿಂದ ಮೇಲೆ ಹೋಯಿತೋ ಇನ್ನೂ ತಿಳಿಯದು ಅಂತ ಆ ವಿಜ್ಞಾನಿಗಳೇ ಹೇಳಿದ್ದಾರೆ. ಅದನ್ನೂ ಅಚ್ಚು ಹಾಕಿ.

ನಾನು: ಇಲಿಗಳು ಸಾಕ್ಷಿ ಹೇಳಿವೆಯಲ್ಲ!

ಅಧ್ಯಕ್ಷರು: ಹೇಳಲೇಬೇಕು, ಪಂಜರದಲ್ಲಿದ್ದಾರೆ. ಸ್ವಾಮಿ, ಇಲಿಗೆ ತನ್ನಷ್ಟಕ್ಕೆ ಅಲ್ಝೈಮರ್ ಬರೋದಿಲ್ಲ. ಮನುಷ್ಯನ ಕೆಟ್ಟ ಜೀನ್ ತುರುಕಿ ಬರಿಸಬೇಕು. ಹಾಗೆ ಬರಿಸಿದ ಇಲಿಗಳನ್ನ ನಮ್ಮ ಸೋಂಕೇ ಇಲ್ಲದ ಪ್ಲಾಸ್ಟಿಕ್ ಗೂಡಿನಲ್ಲಿ ಬೆಳೆಸಿದರು. ಮೆದುಳಿನಲ್ಲಿ ಅಮೈಲಾಯ್ಡ್ ಕಡಿಮೆ ಕಟ್ಟಿತು. ನಿಜ, ಸುಳ್ಳು ಹೇಳಲ್ಲ. ಸೇಂಟ್ ಲೂಯಿಸ್‌ನಲ್ಲೇ ಡೇವಿಡ್ ಹೋಲ್ಟ್ಸ್‌ಮನ್ ಅವರ ತಂಡ ಟೌ ಗಂಟಿನ ಇಲಿಗಳ ಮೇಲೆ ಇದನ್ನೇ ಮಾಡಿತು, ಅಲ್ಲೂ ಮೆದುಳು ಅಷ್ಟಾಗಿ ಸವೆಯಲಿಲ್ಲ. ಆಮೇಲೆ ಆ್ಯಂಟಿಬಯೋಟಿಕ್ ಕೊಟ್ಟು ನಮ್ಮವರನ್ನ ಸಾರಾಸಗಟಾಗಿ ಕೊಂದು ನೋಡಿದರು. ಗಂಡಿಲಿಗೆ ಅನುಕೂಲವಾಯಿತು, ಹೆಣ್ಣಿಲಿಗೆ ಆಗಲಿಲ್ಲ. ಅಮೆರಿಕದಲ್ಲಿ ಈ ಕಾಯಿಲೆ ಇರೋರಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು. ಯಾರಿಗೆ ಬೇಕೋ ಅವರಿಗೆ ಕೆಲಸ ಮಾಡದ ಯೋಜನೆ! ನಿಮ್ಮ ಸರ್ಕಾರದಲ್ಲಿ ಇಂಥವು ಎಷ್ಟಿಲ್ಲ.

ನಾನು: ನೀವು ತಯಾರಿಸುವ ಆಮ್ಲಗಳೇ ಅಪರಾಧಿ ಎಂದೂ ಅದೇ ತಂಡ ಹೇಳಿತು.

ಅಧ್ಯಕ್ಷರು: ಅದೇ ತಮಾಷೆ. ನಾರನ್ನ ಹುಳಿಸಿ ನಾವು ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಅಂತ ಚಿಕ್ಕ ಸರಪಳಿಯ ಕೊಬ್ಬಿನಾಮ್ಲ ಮಾಡ್ತೀವಿ. ಕರುಳಿನ ಗೋಡೆಗೆ ಅದೇ ಅನ್ನ. ಆರೋಗ್ಯ ಪುರವಣಿಗಳೆಲ್ಲ ಬ್ಯುಟಿರೇಟನ್ನ ಅಮೃತ ಅಂತ ಹೊಗಳ್ತಾವೆ. ಆದರೆ ಆ ಪ್ಲಾಸ್ಟಿಕ್ ಗೂಡಿನ ಇಲಿಗಳಿಗೆ ಈ ಆಮ್ಲಗಳನ್ನೇ ನೀರಿನಲ್ಲಿ ಕುಡಿಸಿದಾಗ ಟೌ ಗಂಟು ಮತ್ತೆ ಬಿಗಿಯಾಯಿತು. ಒಂದು ಪುಟದಲ್ಲಿ ನಮಗೆ ಹಾರ, ಇನ್ನೊಂದು ಪುಟದಲ್ಲಿ ಬೇಡಿ, ಸಾಮಾನು ಒಂದೇ. ಇದನ್ನ ಯಾವ ಜಾಹೀರಾತಿನಲ್ಲಾದರೂ ಓದಿದ್ದೀರಾ?

ನಾನು: ಐರ್ಲೆಂಡಿನ ಕಾರ್ಕ್ ನಗರದಲ್ಲಿ ಅಲ್ಝೈಮರ್ ರೋಗಿಗಳ ಮಲವನ್ನು ಎಳೆಯ ಇಲಿಗಳಿಗೆ ಕಸಿ ಮಾಡಿದಾಗ ಆ ಇಲಿಗಳ ನೆನಪೂ ಕೆಟ್ಟಿತಂತೆ.

ಅಧ್ಯಕ್ಷರು: ಹೌದು, 2023ರಲ್ಲಿ ಯುವೊನ್ ನೋಲನ್ ಅವರ ತಂಡ. ಅದರ ಮುಂದೆ ನಾನು ಬಾಯಿ ಮಾಡಲ್ಲ. ನಮ್ಮಲ್ಲಿ ಏನೋ ಇದೆ. ಎಷ್ಟಿದೆ, ಹೇಗೆ ಹೋಗುತ್ತೆ ಅನ್ನೋದೇ ವ್ಯಾಜ್ಯ.

ನಾನು: ಹೇಗೆ ಹೋಗುತ್ತದೆ? ಹೈಕಮಾಂಡ್ ಜೊತೆ ನಿಮಗೆ ನೇರ ಸಂಪರ್ಕ ಇದೆಯೇ?

ಅಧ್ಯಕ್ಷರು: ವೇಗಸ್ ನರ ಅಂತ ಒಂದು ಉದ್ದನೆಯ ಲೈನ್ ಇದೆ. ರಕ್ತದಲ್ಲಿ ಹೋಗೋ ರಾಸಾಯನಿಕಗಳಿದ್ದಾವೆ. ರೋಗನಿರೋಧಕ ಜೀವಕೋಶಗಳು ಇಲ್ಲಿ ಕೆರಳಿದರೆ ಅಲ್ಲೂ ಉರಿ ಏಳಬಹುದು. ಆದರೆ ಸಿರೊಟೋನಿನ್ ಸುದ್ದಿ ನಂಬಬೇಡಿ. ದೇಹದ ಸಿರೊಟೋನಿನ್‌ನಲ್ಲಿ ನೂರಕ್ಕೆ ತೊಂಬತ್ತು ಕರುಳಿನಲ್ಲೇ ತಯಾರು, ಹಾಗಾಗಿ ಸಂತೋಷ ಹೊಟ್ಟೆಯಿಂದಲೇ ಅಂತ ಭಾಷಣ ಮಾಡೋರಿದ್ದಾರೆ. ಇಲ್ಲಿನ ಸಿರೊಟೋನಿನ್‌ಗೆ ಮೆದುಳಿನ ಬಾಗಿಲಲ್ಲಿ ಪ್ರವೇಶವೇ ಇಲ್ಲ. ಹೈಕಮಾಂಡ್ ತನಗೆ ಬೇಕಾದ್ದನ್ನ ತಾನೇ ಮಾಡಿಕೊಳ್ಳುತ್ತೆ.

ನಾನು: ಮಾರುಕಟ್ಟೆಯಲ್ಲಂತೂ ನಿಮ್ಮ ಹೆಸರು ಜೋರಾಗಿ ಓಡುತ್ತಿದೆ. ಸಂಭಾವನೆ ಬರುತ್ತದೆಯೇ?

ಅಧ್ಯಕ್ಷರು: ಬಿಡಿಗಾಸಿಲ್ಲ. ಈ ವ್ಯಾಪಾರ ಹಳೆಯದು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮೆಚ್ನಿಕಾಫ್ ಅಂತ ದೊಡ್ಡ ವಿಜ್ಞಾನಿ ಇದ್ದರು, 1908ರಲ್ಲಿ ನೊಬೆಲ್ ಬಂತು. ಮುಪ್ಪು ಬರೋದೇ ದೊಡ್ಡಕರುಳಿನ ಕೊಳೆತದಿಂದ, ಬಲ್ಗೇರಿಯಾದ ಹುಳಿಹಾಲು ಕುಡಿದರೆ ಆಯುಸ್ಸು ಹೆಚ್ಚುತ್ತೆ ಅಂದರು. ಯುರೋಪಿನ ಔಷಧದ ಅಂಗಡಿಗಳಲ್ಲಿ ಮೊಸರಿನ ಮಾತ್ರೆ ಬಂತು. ಲಂಡನ್ನಿನಲ್ಲಿ ಆರ್ಬತ್‌ನಾಟ್ ಲೇನ್ ಅನ್ನೋ ಶಸ್ತ್ರವೈದ್ಯರು, ನಮ್ಮ ಮೇಲಿನ ಸಿಟ್ಟಿಗೆ, ಮಲಬದ್ಧತೆ ಅಂತ ಬಂದೋರ ದೊಡ್ಡಕರುಳನ್ನೇ ಕತ್ತರಿಸಿ ತೆಗೆದರು. ಪಕ್ಷ ಸರಿಯಿಲ್ಲ ಅಂತ ಊರನ್ನೇ ಅಳಿಸಿದ ಹಾಗೆ! ಮೆಚ್ನಿಕಾಫ್ ದಿನಾ ಹುಳಿಹಾಲು ಕುಡಿದು 1916ರಲ್ಲಿ ತೀರಿಕೊಂಡರು. 71 ವರ್ಷ. ಆ ಕಾಲಕ್ಕೆ ಕಡಿಮೆಯೇನಲ್ಲ, ಜಾಹೀರಾತಿಗೆ ಮಾತ್ರ ಸಾಲದು.

ನಾನು: ಅದು ಹಳೇ ಕಥೆ ಆಯಿತು.

ಅಧ್ಯಕ್ಷರು: ಹೊಸದು ಬೇಕಾ? 2019ರಲ್ಲಿ ಚೀನಾ ಸರ್ಕಾರ ಕಡಲ ಪಾಚಿಯಿಂದ ಮಾಡಿದ ಮಾತ್ರೆಯೊಂದಕ್ಕೆ ಷರತ್ತಿನ ಮೇಲೆ ಅನುಮತಿ ಕೊಟ್ಟಿತು. ನಮ್ಮ ಬಣಗಳನ್ನ ಸರಿದೂಗಿಸಿ ಅಲ್ಝೈಮರ್ ತಗ್ಗಿಸುತ್ತೆ ಅಂತ ಅದರ ಹೇಳಿಕೆ. ಬೇರೆ ದೇಶಗಳಲ್ಲಿ ಶುರುವಾದ ದೊಡ್ಡ ಪರೀಕ್ಷೆ 2022ರಲ್ಲಿ ಅರ್ಧಕ್ಕೇ ನಿಂತಿತು. 2024ರಲ್ಲಿ ಅನುಮತಿಯ ಅವಧಿಯೂ ಮುಗಿಯಿತು. ಅನುಮತಿ ಸಿಕ್ಕ ದಿನ ನಿಮ್ಮವರು ಬರೆದ ಸುದ್ದಿ ಎಷ್ಟು ಕಾಲಂ, ಮುಗಿದ ದಿನದ್ದು ಎಷ್ಟು ಸಾಲು, ಹೋಗಿ ಹಳೇ ಪತ್ರಿಕೆ ತೆಗೆದು ನೋಡಿ.

ನಾನು (ಮಾತು ಮರೆಸುತ್ತ): ನಮ್ಮ ಅಜ್ಜಿಯರಿಗೆ ಇದೆಲ್ಲ ಮೊದಲೇ ಗೊತ್ತಿತ್ತು, ಅದಕ್ಕೇ ಊಟದ ಕೊನೆಗೆ ಮಜ್ಜಿಗೆ ಇಟ್ಟರು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ.

ಅಧ್ಯಕ್ಷರು: ಮಜ್ಜಿಗೆ ಒಳ್ಳೇದು. ಹೊಟ್ಟೆ ತಣ್ಣಗಿರುತ್ತೆ, ಕುಡೀರಿ. ಆದರೆ ಮೊಸರಿನಲ್ಲಿ ಬರೋರು ನಮ್ಮಲ್ಲಿ ನೆಲೆ ನಿಲ್ಲೋದು ಅಪರೂಪ. ಅವರು ಪ್ರವಾಸಿಗಳು, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ. ಮಜ್ಜಿಗೆ ಕುಡಿದೇ ಬೆಳೆದ ಅಜ್ಜಿಯರಿಗೂ ಅರಳುಮರಳು ಹಿಡಿದದ್ದನ್ನ ನೀವು ಕಂಡಿಲ್ವಾ? ಭಾರತದಲ್ಲಿ ಅರವತ್ತು ದಾಟಿದೋರಲ್ಲಿ ನೂರಕ್ಕೆ 7.4 ಜನರಿಗೆ ಡಿಮೆನ್ಷಿಯಾ ಅಂತ 2023ರ ಅಂದಾಜು, ಸುಮಾರು 88 ಲಕ್ಷ ಜನ. ಅವರಲ್ಲಿ ಮೊಸರನ್ನ ಬೇಡ ಅಂದೋರು ಎಷ್ಟು ಮಂದಿ ಇದ್ದಾರು?

ಈಗ ನಾನು ಹೇಳೋದನ್ನ ಸರಿಯಾಗಿ ಬರಕೊಳ್ಳಿ. ಮೆದುಳಿನ ಮೇಲಿದ್ದ ಅಪವಾದ ಹೊಟ್ಟೆಗೆ ಇಳಿದರೆ ಅಲ್ಲೇ ನಿಲ್ಲಲ್ಲ, ಅಲ್ಲಿಂದ ಅಡುಗೆಮನೆಗೆ ಹೋಗುತ್ತೆ. ಮಾವನಿಗೆ ಮರೆವು, ಅನ್ನ ಬಡಿಸಿದ್ದು ಸೊಸೆ. ರಾತ್ರಿ ಮೂರು ಗಂಟೆಗೆ ಎದ್ದು ‘ನಮ್ಮನೆಗೆ ಹೋಗ್ಬೇಕು’ ಅಂತ ಬಾಗಿಲು ಬಡಿಯೋ ಮಾವನನ್ನ ಮತ್ತೆ ಮಲಗಿಸೋಳೂ ಅವಳೇ. ಭಾನುವಾರ ಬಂದ ನಾದಿನಿ ಮೊಬೈಲ್ ತೋರಿಸಿ, ‘ನೋಡಿ ಅತ್ತಿಗೆ, ಎಲ್ಲಾ ಹೊಟ್ಟೆಯಿಂದ್ಲೇ ಬರೋದಂತೆ, ಅಪ್ಪಂಗೆ ನೀವು ಏನು ಕೊಡ್ತಿದ್ರಿ?’ ಅಂತಾಳೆ. ಜೊತೆಗೆ ಸಾವಿರಾರು ರೂಪಾಯಿನ ಪ್ರೋಬಯೋಟಿಕ್ ಡಬ್ಬಿ ಮೇಜಿನ ಮೇಲೆ ಇಟ್ಟು ಹೋಗ್ತಾಳೆ. ಒಂದು ರಾತ್ರಿ ತಾನು ಉಳಕೊಂಡು, ಅತ್ತಿಗೆ ನಿದ್ದೆ ಮಾಡಲಿ ಅನ್ನೋದಿಲ್ಲ. ಡಬ್ಬಿ ತರೋದು ಸುಲಭ ನೋಡಿ. ಆ ಮಾವನ ಹೊಟ್ಟೆಯಲ್ಲಿ ನಮ್ಮ ಘಟಕವೂ ಇದೆ, ಎಲ್ಲಾ ಕೇಳಿಸಿಕೊಳ್ತೀವಿ.

ನಾನು: ಹಾಗಾದರೆ ನಿಮ್ಮನ್ನು ನಿರಪರಾಧಿ ಎಂದು ಬರೆದುಬಿಡಲೇ?

ಅಧ್ಯಕ್ಷರು: ಛೆ, ಅದೂ ಬೇಡ. ವಿಚಾರಣೆ ಬಾಕಿ ಇದೆ ಅಂತ ಬರೀರಿ. ಕೋಲಾರದ ಶ್ರೀನಿವಾಸಪುರ ಗೊತ್ತಲ್ಲ, ಮಾವಿನ ಊರು? ಅಲ್ಲಿ ಹಳ್ಳಿಗಳ ಹತ್ತು ಸಾವಿರ ಜನರನ್ನ, 45 ದಾಟಿದೋರನ್ನ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರೋ ಮೆದುಳು ಸಂಶೋಧನಾ ಕೇಂದ್ರದವರು ವರ್ಷ ವರ್ಷ ನೋಡೋ ಕೆಲಸ ಹಿಡಿದಿದ್ದಾರೆ. ರಕ್ತ, ಮೆದುಳಿನ ಚಿತ್ರ, ನೆನಪಿನ ಪರೀಕ್ಷೆ. ಯಾರು ಚೆನ್ನಾಗಿದ್ದರು, ಯಾರಿಗೆ ಯಾವಾಗ ಏನಾಯಿತು ಅಂತ ಹಿಂದೆಯೇ ಬಿದ್ದು ನೋಡಿದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಾಗುತ್ತೆ. ನಮ್ಮ ಕೇಸೂ ಹಾಗೇ ತೀರ್ಮಾನ ಆಗಬೇಕು. ಹತ್ತಿಪ್ಪತ್ತು ವರ್ಷ ಕೊಡಿ.

ನಾನು: ನಮ್ಮ ಓದುಗರಿಗೆ ಭಾನುವಾರದೊಳಗೆ ಉತ್ತರ ಬೇಕು.

ಅಧ್ಯಕ್ಷರು: ಹಾಗಾದರೆ 2024ರ ಲ್ಯಾನ್ಸೆಟ್ ಆಯೋಗದ ವರದಿ ಅಚ್ಚು ಹಾಕಿ. ತಿದ್ದಿಕೊಳ್ಳಬಹುದಾದ 14 ಕಾರಣ ಪಟ್ಟಿ ಮಾಡಿದ್ದಾರೆ, ಎಲ್ಲಾ ಸರಿಪಡಿಸಿದರೆ ನೂರಕ್ಕೆ 45ರಷ್ಟು ಡಿಮೆನ್ಷಿಯಾ ತಡೆಯಬಹುದು ಇಲ್ಲ ಮುಂದೂಡಬಹುದು ಅಂತ. ಬಿಪಿ, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಕುಡಿತ, ಓದು ಇಲ್ಲದ್ದು, ಒಂಟಿತನ, ಕೆಟ್ಟ ಗಾಳಿ, ಕಣ್ಣು ಕಾಣದ್ದು, ಕಿವಿ ಕೇಳದ್ದು... ಹದಿನಾಲ್ಕರಲ್ಲಿ ನಮಗೆ ಒಂದೂ ಟಿಕೆಟ್ ಇಲ್ಲ! 38 ಲಕ್ಷ ಕೋಟಿ ಜನ ಇದ್ದೂ! ಕಿವಿಗೆ ಟಿಕೆಟ್ ಕೊಟ್ಟರು, ನಮಗಿಲ್ಲ. ಬೇಜಾರಾಯಿತು, ಆದರೆ ಒಪ್ಪಬೇಕಾದ್ದೇ. ಹಿಯರಿಂಗ್ ಏಡ್ ಹಾಕಿಕೊಳ್ಳಿ ಅಂದರೆ ಮುದುಕ ಅಂತಾರೆ ಅಂತ ನಾಚಿಕೊಳ್ಳೋರೇ ಬ್ಯಾಕ್ಟೀರಿಯಾ ಬೇಕಂತ ಆನ್‌ಲೈನ್‌ನಲ್ಲಿ ತರಿಸ್ತಾರೆ.

ನಾನು: ಕೊನೆಯದಾಗಿ, ಓದುಗರು ಏನು ತಿನ್ನಬೇಕು?

ಅಧ್ಯಕ್ಷರು: ಸೊಪ್ಪು, ಕಾಳು, ರಾಗಿ, ಸಿಪ್ಪೆ ಸಮೇತ ತಿನ್ನೋ ತರಕಾರಿ. ಇದು ನಮ್ಮ ಸ್ವಾರ್ಥದ ಬೇಡಿಕೆ, ನೆನಪಿನ ಔಷಧಿ ಅಂತ ಬರೆದರೆ ಮಾನನಷ್ಟ ಮೊಕದ್ದಮೆ ಹೂಡ್ತೀನಿ. ಅಂದಹಾಗೆ ಬರೋ ಮುಂಚೆ ಈ ಹೊಟ್ಟೆಯ ಯಜಮಾನರಿಗೆ ಕಾಫಿ ಕುಡಿಸಿದಿರಾ?

ನಾನು: ಅರ್ಧ ಲೋಟ ಕುಡಿದರು. ಯಾಕೆ?

ಅಧ್ಯಕ್ಷರು: ಡಿಕಾಕ್ಷನ್ ಗಟ್ಟಿಯಿತ್ತು ಅನ್ಸುತ್ತೆ. ಕರುಳು ಅಲ್ಲಾಡ್ತಿದೆ. ಕಾರ್ಯಕಾರಿ ಸಮಿತಿಯ ದೊಡ್ಡ ಪಾಲು ಈಗಲೇ ಹೊರಡಬೇಕು, ನಾನೂ ಅದರಲ್ಲೇ.

ನಾನು: ಅಧ್ಯಕ್ಷರೇ, ಇನ್ನೊಂದೇ ಪ್ರಶ್ನೆ...

ಅಧ್ಯಕ್ಷರು: ಇಲ್ಲೇ ಪಕ್ಕದಲ್ಲಿ ನನ್ನ ಅರ್ಧ ಒಡೆದು ಕೂತಿದೆ ನೋಡಿ, ಇನ್ನು ಅದೇ ಅಧ್ಯಕ್ಷ. ಉಳಿದದ್ದನ್ನ ಅದಕ್ಕೇ ಕೇಳಿ. ನೀವೂ ಸ್ವಲ್ಪ ಪಕ್ಕಕ್ಕೆ ಸರೀರಿ ಸ್ವಾಮಿ, ಇಲ್ಲಾಂದರೆ ನಮ್ಮ ಜೊತೆಗೇ ಬರಬೇಕಾಗುತ್ತೆ.