ಗಜದ ಮಾಮ

ಹದಿನೆಂಟು ಗಜದ ಪೆನಾಲ್ಟಿ ಬಾಕ್ಸಿನೊಳಗಿಂದ ಹೊಡೆದದ್ದನ್ನು ಗಜದ ಮಾಮ ಗೋಲೆಂದು ಎಣಿಸುವುದೇ ಇಲ್ಲ. ‘ಅದು ಒದಿಯೋದಲ್ಲಲೇ, ಒಳಗ ಇಟ್ಟು ಬರೋದು’ ಎನ್ನುತ್ತ ಮಂಡಕ್ಕಿ ಒಗ್ಗರಣಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾನೆ. ತಟ್ಟೆ ಸರಿಯಿತೆಂದರೆ ಮೇಜು ಮೈದಾನವಾಯಿತು. ಕಚ್ಚಿ ಬಿಟ್ಟ ಮಿರ್ಚಿಯ ತೊಟ್ಟು ಇಂಗ್ಲೆಂಡಿನ ಗೋಲ್‌ಕೀಪರ್ ಸೀಮನ್, ಟೀ ಲೋಟ ಬ್ರೆಜಿಲ್ಲಿನ ರೊನಾಲ್ಡಿನೊ.

2002ರ ಜೂನ್ 21, ವಿಶ್ವಕಪ್ ಕ್ವಾರ್ಟರ್ ಫೈನಲ್. ಜಪಾನಿನಲ್ಲಿ ಇಳಿಹೊತ್ತು, ಬಳ್ಳಾರಿಯಲ್ಲಿ ನಡುಮಧ್ಯಾಹ್ನ. ರೊನಾಲ್ಡಿನೊನ ಆ ಫ್ರೀ ಕಿಕ್ ಗುರಿಯಿಟ್ಟು ಹೊಡೆದದ್ದೋ, ಕ್ರಾಸ್ ಮಾಡಲು ಹೋಗಿ ತಪ್ಪಿ ಒಳಗೆ ಬಿದ್ದದ್ದೋ ಎಂದು ಜಗತ್ತು ಇವತ್ತಿಗೂ ಜಗಳಾಡುತ್ತದೆ. ರಾಯಲ್ ಸರ್ಕಲ್ ಕಡೆಯ ಈ ಹೊಟೇಲಿನಲ್ಲಿ ಮಾತ್ರ ವಿಚಾರಣೆ ಎಂದೋ ಮುಗಿದಿದೆ. ‘ನೋಡ್ಕ್ಯಂಡೇ ಹೊಡದಾನ. ನಾನು ಅವನ ಕಣ್ಣು ನೋಡೀನಿ’ ಎನ್ನುತ್ತಾನೆ ಮಾಮ. ನೋಡಿದ್ದು ಪಕ್ಕದ ಮನೆಯ ಟೀವಿಯಲ್ಲಿ, ಕಿಟಕಿಯಿಂದ.

ಬೆಂಗಳೂರು ಎಫ್‌ಸಿ ವಿಷಯ ಬಂದರೆ ಅವನು ಅಭಿಮಾನಿಯಲ್ಲ, ಪಾಲುದಾರ. ಕ್ಲಬ್ಬು ಜಿಂದಾಲ್‌ನವರದು, ಜಿಂದಾಲ್ ಉಕ್ಕು ತೋರಣಗಲ್ಲಿನದು, ಅದಿರು ನಮ್ಮ ಗುಡ್ಡದ್ದು. ಅಂದಮೇಲೆ ‘ಟೀಮು ನಮ್ಮದಪ್ಪ, ಕಂಠೀರವದಾಗ ಬಾಡಿಗಿಗಿ ಐತಿ’. 2016ರ ಅಕ್ಟೋಬರ್ 19ರ ರಾತ್ರಿ ಅಲ್ಲೇ ಎಎಫ್‌ಸಿ ಕಪ್ ಸೆಮಿಫೈನಲ್. ಮಲೇಷ್ಯಾದ ಜೊಹೋರ್ ತಂಡದ ಮೇಲೆ ಸುನಿಲ್ ಛೆಟ್ರಿ ಬಾಕ್ಸಿನ ಹೊರಗಿಂದ ಸಿಡಿಸಿದ ಎರಡನೇ ಗೋಲಿಗೆ ಮಾಮ ಸಾಕ್ಷಿ. 3–1ರಲ್ಲಿ ಗೆದ್ದು, ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ತಲುಪದ ಫೈನಲ್‌ಗೆ ಹೋದೆವು, ದೋಹಾದಲ್ಲಿ ಸೋತೆವು. ಸೋತದ್ದನ್ನು ಮಾಮ ಒಂದೇ ಗುಟುಕಿಗೆ ಮುಗಿಸುತ್ತಾನೆ. ಛೆಟ್ರಿಯ ಗೋಲು ಮಾತ್ರ ವರ್ಷವರ್ಷವೂ ಹಿಂದಕ್ಕೆ ಸರಿಯುತ್ತ, ಈಗ ಮಧ್ಯದ ಗೆರೆಯ ಹತ್ತಿರ ಬಂದಿದೆ.

ಕೌಲ್ ಬಜಾರಿನ ಹುಡುಗರು ಸುಮ್ಮನಿರುತ್ತಾರೆಯೇ? ‘ಮಾಮಾ, ಇಲ್ನೋಡು’ ಎಂದು ಮೊಬೈಲ್ ಹಿಡಿಯುತ್ತಾರೆ. ಮಾಮ ಕನ್ನಡಕ ಹಾಕಿಕೊಳ್ಳುವುದಿಲ್ಲ. ‘ಕ್ಯಾಮೆರಾದಾಗ ದೂರದ್ದು ಹತ್ರ ಕಾಣ್ತತಲೇ. ಅದು ಇರೋದೇ ಅದಕ್ಕ.’ ಈ ವಾದಕ್ಕೆ ಉತ್ತರ ಕೊಟ್ಟವರನ್ನು ನಾನಿನ್ನೂ ನೋಡಿಲ್ಲ.

ಆದರೆ ಇವೆಲ್ಲ ಪೀಠಿಕೆ. ಅಸಲಿ ಗೋಲು ಸಿರುಗುಪ್ಪದ್ದು, ಹೊಡೆದವನು ಸ್ವತಃ ಮಾಮ. ಆ ಕಾಲಕ್ಕೆ ಗೋಲಿಗೆ ಬಲೆ ಇರಲಿಲ್ಲ. ಎರಡು ಕಂಬದ ನಡುವೆ ನುಗ್ಗಿದ ಚೆಂಡು ಹಿಂದಿನ ಭತ್ತದ ಗದ್ದೆಗೆ ಬಿತ್ತು. ಮಾಮ ದೂರ ಅಳೆಯುವುದು ಚೆಂಡು ಸಿಕ್ಕ ಕೆಸರಿನಿಂದ. ನೌಕರಿಯಲ್ಲಿದ್ದಾಗ ಮೂವತ್ತು ಗಜವಿತ್ತು, ಮಗಳ ಮದುವೆ ಹೊತ್ತಿಗೆ ನಲವತ್ತಾಯಿತು, ಮೊಮ್ಮಗ ಹುಟ್ಟಿದ ಮೇಲೆ ಐವತ್ತು. ತುಟ್ಟಿಭತ್ಯೆಯೂ ಇಷ್ಟು ನಿಯತ್ತಾಗಿ ಏರಿಲ್ಲ.

ಈ ಸಲ ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಲ್ಲಿ ಆವತ್ತಿನ ಗೋಲ್‌ಕೀಪರ್ ಎದುರಾದರು. ಹುಡುಗರಿಗೆ ಹಬ್ಬ. ಮಾಮನ ಬಣ್ಣ ಬಯಲಾಗುತ್ತದೆಂದು ಮಿರ್ಚಿ ಅಂಗಡಿಯ ಮುಂದೆ ಇಬ್ಬರನ್ನೂ ಕೂಡಿಸಿ ಕೇಳಿದರು: ‘ಖರೇ ಹೇಳ್ರಿ ಕಾಕಾ, ಎಷ್ಟು ದೂರದಿಂದ ಹೊಡದ?’

ಅವರು ಗಡ್ಡ ತುರಿಸಿಕೊಂಡರು. ‘ಅರವತ್ತು ಗಜ ಆರಾಮ ಇತ್ತು. ಮ್ಯಾಲೆ ಎದುರು ಬಿಸಿಲು. ಹೊಳಿ ಕಡಿಯಿಂದ ಗಾಳಿ ಬೇರೆ.’

ಮಾಮನೇ ಬೆಚ್ಚಿದ. ‘ಅಷ್ಟಿರಲಿಲ್ಲ ಬಿಡಪ್ಪ’ ಎಂದು ಜೀವಮಾನದಲ್ಲಿ ಮೊದಲ ಸಲ ಇಳಿಸಿ ಹೇಳಿದ.

ಕೀಪರ್ ಸಿಟ್ಟಾದರು. ‘ಇರಲಿಲ್ಲ ಅಂದ್ರ? ಇಪ್ಪತ್ತು ಗಜದ್ದು ಬಿಟ್ಟೆ ಅಂತ ಹೇಳ್ಕ್ಯಂಡು ತಿರುಗಾಡ್ಲೇನು ನಾನು? ನಮ್ಮ ಮನಿಯಾಗ ಎಲ್ಲರಿಗೂ ಅರವತ್ತು ಅಂತ ಗೊತ್ತೈತಿ!’

ಚೌಕಾಸಿ ಬಹಳ ಹೊತ್ತು ನಡೆಯಿತು. ಎರಡನೇ ಪ್ಲೇಟ್ ಮಿರ್ಚಿ ಮುಗಿಯುವಷ್ಟರಲ್ಲಿ ಐವತ್ತೈದಕ್ಕೆ ಕುದುರಿತು. ಗಾಳಿಯನ್ನು ಮಾತ್ರ ಕೀಪರ್ ಬಿಟ್ಟುಕೊಡಲಿಲ್ಲ.