ಒಳದಾರಿಯ ಮೇಷ್ಟ್ರು

ಪ್ರದಕ್ಷಿಣೆಗೆ ಹೊರಟವನು ಅಡ್ಡದಾರಿಯನ್ನು ಅರಸಬಾರದೆಂಬುದು ಶಾಸ್ತ್ರವನ್ನು ಓದದವನಿಗೂ ಹೊಳೆಯತಕ್ಕ ಸಂಗತಿ. ಹೊರಟೆಡೆಗೇ ಮರಳುವುದು ಗುರಿಯಾಗಿರುವಾಗ ಅತ್ಯಂತ ಸಮೀಪದ ಮಾರ್ಗವೆಂದರೆ ಹೊರಡದೆ ಕುಳಿತಿರುವುದೇ ಸರಿ. ಆದರೂ ಆಷಾಢದ ಕಡೆಯ ಸೋಮವಾರ ಭೋಗನಂದೀಶ್ವರನಿಗೆ ಕೈಮುಗಿದು ನಂದಿಗಿರಿಯನ್ನು ಬಲವಂದು ಬರಲು ಹೊರಡುವ ಜನಸ್ತೋಮದಲ್ಲಿ, ‘ಒಳದಾರಿ ಒಂದುಂಟು, ನನಗೆ ಗೊತ್ತು’ ಎಂದು ಕಿವಿಯಲ್ಲಿ ಉಸುರುವ ಮಹನೀಯರೊಬ್ಬರು ಪ್ರತಿಯೊಂದು ಗುಂಪಿಗೂ ತಪ್ಪದೆ ಪ್ರಾಪ್ತರಾಗುತ್ತಾರೆ. ನಮ್ಮ ಪಾಲಿಗೆ ಬಂದವರು ಮಂಡಿಕಲ್ಲಿನ ನಿವೃತ್ತ ಗಣಿತದ ಮೇಷ್ಟ್ರು.

ಕಂಕುಳಲ್ಲಿ ಎಂದೂ ಬಿಚ್ಚದ ಕೊಡೆ, ಕೈಚೀಲದಲ್ಲಿ ಚಪ್ಪಲಿ, ಬಾಯಲ್ಲಿ ಎಲೆ ಅಡಿಕೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸಿಳಿದ ಕ್ಷಣದಿಂದಲೇ ಅವರ ಮಾರ್ಗದರ್ಶನ ಆರಂಭ. ಹೂವಿನ ವ್ಯಾಪಾರಿಗಳೂ ತರಕಾರಿ ಗಾಡಿಗಳೂ ಕಿಕ್ಕಿರಿದ ಆ ಹಳೆಯ ಪೇಟೆಯಲ್ಲಿ, ನೇರವಾಗಿ ಹೋದರೆ ನಂದಿಯ ಬಸ್ಸು ಸಿಕ್ಕುವೆಡೆಯನ್ನು ಬಿಟ್ಟು, ಮೂರು ಓಣಿಗಳನ್ನು ಹೊಕ್ಕು ಹೊರಟು, ಬಸ್ಸು ಹೊರಟುಹೋದ ಮೇಲೆ ನಮ್ಮನ್ನು ಅಲ್ಲಿಗೆ ತಲಪಿಸುವರು.

ಗಿರಿಯ ಸುತ್ತಳತೆ ಸುಮಾರು 16 ಕಿಲೋಮೀಟರು, ಹಳೆಯ ಲೆಕ್ಕದಲ್ಲಿ 10 ಮೈಲಿ. ಮೇಷ್ಟ್ರ ವಾದ ರೇಖಾಗಣಿತದ್ದು: ‘ನೋಡಿ ಸ್ವಾಮಿ, ತ್ರಿಜ್ಯ ಕುಗ್ಗಿದರೆ ಪರಿಧಿ ಕುಗ್ಗಲೇಬೇಕು. ಬೆಟ್ಟಕ್ಕೆ ಹತ್ತಿರ ಸರಿದಷ್ಟೂ ನಡೆಯುವುದು ಕಡಿಮೆ, ದೇವರಿಗೂ ಹತ್ತಿರ. ಶ್ರಮ ಇಳಿಯುತ್ತದೆ, ಪುಣ್ಯ ಏರುತ್ತದೆ.’ ಈ ಪ್ರಮೇಯವನ್ನು ಕಡೆಯವರೆಗೆ ಎಳೆದರೆ ಗುಡಿಯ ಮುಂದೆ ನಿಂತಲ್ಲೇ ತಿರುಗುವ ಆತ್ಮಪ್ರದಕ್ಷಿಣೆಯಲ್ಲಿ ಮುಗಿಯುತ್ತದೆಂದು ಹೇಳಬೇಕೆನಿಸಿದರೂ, ಹೊಟ್ಟೆ ಮುಂದಾಗಿ ಕಾಲು ಹಿಂದಾಗುವ ನನ್ನಂಥವನಿಗೆ ‘ಹತ್ತಿರ’ ಎಂಬುದಕ್ಕಿಂತ ಮಧುರವಾದ ಮಂತ್ರ ಬೇರೊಂದಿಲ್ಲವಾದ ಕಾರಣ, ಸುಮ್ಮನೆ ಹಿಂಬಾಲಿಸುತ್ತೇನೆ.

ಕುಡುವತಿಯ ಬಳಿ ನಡೆದ ಪ್ರಸಂಗವನ್ನು ಮಾತ್ರ ಮರೆಯಲಾರೆ. ಟಾರು ರಸ್ತೆಯಲ್ಲಿ ಶಿವಸ್ಮರಣೆ ಮಾಡುತ್ತ ಸಾಗಿದ್ದ ಜನಪ್ರವಾಹದಿಂದ ನಮ್ಮೈವರನ್ನು ಮೇಷ್ಟ್ರು ಬಲಕ್ಕೆ ಸೆಳೆದು ನೀಲಗಿರಿ ತೋಪಿನೊಳಕ್ಕೆ ಕರೆದೊಯ್ದರು. ತೋಪು ಮುಗಿದು ಕೆರೆಯ ಏರಿ ಬಂತು; ಏರಿ ಮುಗಿದು ಹೂಳಿನ ಕೆಸರು ಬಂತು; ಕೆಸರು ಮುಗಿದೆಡೆಯಲ್ಲಿ ಮುಳ್ಳುತಂತಿ, ತಂತಿಯಾಚೆ ದ್ರಾಕ್ಷಿಯ ಚಪ್ಪರ. ದೇವರ ಮುಂದೆಯೂ ಅಷ್ಟು ಬಾಗದ ನಾವು ಆ ಚಪ್ಪರದಡಿ ಉದ್ದಕ್ಕೂ ನಡುಬಗ್ಗಿಸಿ ನಡೆದು, ತೋಟದ ನಾಯಿಯ ಸತ್ಕಾರವನ್ನೂ ಸ್ವೀಕರಿಸಿ, ಒಂದು ಹೆಂಚಿನ ಮನೆಯ ಅಂಗಳದಲ್ಲಿ ತಲೆಯೆತ್ತಿದೆವು. ಮೇಷ್ಟ್ರು ಎದೆಗುಂದದೆ, ಅವರೆ ಬಿಡಿಸುತ್ತಿದ್ದ ಮುದುಕಿಯನ್ನು ನಮ್ಮ ಗಡಿನಾಡಿನ ತೆಲುಗಿನಲ್ಲಿ, ‘ಇಟ್ಲಾ ಪೋತೇ ದೋವ ಉಂದಾ ಅಮ್ಮಾ?’ ಎಂದರು. ‘ದೋವ ಲೇದು ನಾಯನಾ, ಮಾ ಇಲ್ಲುಂದಿ’ ಎಂದಳಾಕೆ. ದಾರಿಯಿಲ್ಲ, ನಮ್ಮ ಮನೆಯಿದೆ, ಎಂಬ ಆ ಉತ್ತರಕ್ಕೆ ಯೂಕ್ಲಿಡ್ಡನೂ ಪ್ರತ್ಯುತ್ತರ ಕೊಡಲಾರ. ಮತ್ತೆ ಚಪ್ಪರ, ಕೆಸರು, ಏರಿ, ತೋಪು. ರಸ್ತೆಗೆ ಬಂದಾಗ, ನಂದಿ ಬಿಟ್ಟಾಗಿನಿಂದ ನಮ್ಮ ಹಿಂದೆಯೇ ಕೋಲೂರುತ್ತ ಬರುತ್ತಿದ್ದ ಅಜ್ಜಿಯರ ತಂಡ ಎಂದೋ ಮುಂದೆ ಹೋಗಿ, ಮಜ್ಜಿಗೆ ಕುಡಿದು, ಲೋಟವನ್ನು ಕೆಳಗಿಡುತ್ತಿತ್ತು. ನಾವು ತಲಪುವ ಹೊತ್ತಿಗೆ ಹಂಡೆ ಬರಿದಾಗಿತ್ತು.

ಇಷ್ಟಾದರೂ ಮೇಷ್ಟ್ರಿಗೆ ಪಶ್ಚಾತ್ತಾಪವೆಂಬುದಿಲ್ಲ. ‘ಈ ಸುತ್ತಿನ ಬೆಟ್ಟಗಳಲ್ಲಿ ಹುಟ್ಟಿದ ಪಾಲಾರ್, ಪಿನಾಕಿನಿ, ಅರ್ಕಾವತಿ, ಯಾವ ನದಿ ಸ್ವಾಮಿ ಟಾರು ರಸ್ತೆ ಹಿಡಿದು ಹೋಯಿತು?’ ಎಂದು ಕೇಳುತ್ತಾರೆ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೇನೆಯವರು ಟಿಪ್ಪುವಿನ ನಂದಿದುರ್ಗವನ್ನು ಹಿಡಿದದ್ದು ಬೆಟ್ಟದ ಮೇಲೆ ಫಿರಂಗಿಗಳನ್ನೆಳೆದು, ಗೋಡೆಯನ್ನೊಡೆದು ಎಂಬುದು ಚರಿತ್ರೆ. ಯಾರೋ ಒಳದಾರಿ ತೋರಿಸಿರಬೇಕೆಂಬುದು ಮೇಷ್ಟ್ರ ಸಿದ್ಧಾಂತ. ತೋರಿಸಿದ್ದವನು ಅವರಂಥವನೇ ಆಗಿದ್ದರೆ ಕೋಟೆ ಇಂದಿಗೂ ಟಿಪ್ಪುವಿನದಾಗಿರುತ್ತಿತ್ತು.

ಆದರೆ ಒಂದು ಮಾತು. ಹಿಂದಿನ ವರ್ಷ, ಕಾರಹಳ್ಳಿಯ ಕಡೆಗೆ ನಡೆಯುತ್ತಿರುವಾಗ, ಹೊಸದಾಗಿ ನಿವೇಶನದ ಕಲ್ಲುಗಳನ್ನು ನೆಟ್ಟಿದ್ದ ಹೊಲವೊಂದರ ಕಾಂಪೌಂಡಿನೆದುರು ಮೇಷ್ಟ್ರು ನಿಂತುಬಿಟ್ಟರು. ಕುರಿಗಾಹಿಗಳು ತುಳಿದ ದಾರಿ ಇಲ್ಲಿತ್ತಂತೆ. ಸೌದೆ ಹೊತ್ತ ಹೆಂಗಸರು, ಸಂತೆಗೆ ತಲೆಹೊರೆ ಹೊತ್ತವರು, ಶಿವರಾತ್ರಿಯ ಜಾತ್ರೆಗೆ ದನ ಹೊಡೆದುಕೊಂಡು ಬರುವವರು ಎಲ್ಲರೂ ಇದನ್ನೇ ಹಿಡಿಯುತ್ತಿದ್ದರಂತೆ. ತಂದೆಯ ಹೆಗಲೇರಿ ಅವರು ಮೊದಲ ಬಾರಿ ಬೆಟ್ಟ ಸುತ್ತಿದ್ದೂ ಈ ದಾರಿಯಲ್ಲೇ. ದಾರಿಯನ್ನು ಉಳಿತಾಯ ಮಾಡಲು ಅಲ್ಲ, ದಾರಿ ಉಳಿದಿದೆಯೇ ಎಂದು ವಿಚಾರಿಸಿಕೊಳ್ಳಲು ಈ ಮನುಷ್ಯ ಪ್ರತಿವರ್ಷ ರಸ್ತೆ ಬಿಟ್ಟಿಳಿಯುತ್ತಿದ್ದಾರೆಂದು ಆಗ ನನಗೆ ಅನಿಸಿತು. ಯಾವ ನಕ್ಷೆಯಲ್ಲೂ ಕಾಣದ ಆ ಕಾಲುದಾರಿಗಳೆಲ್ಲ ಈಗ ಅವರ ತಲೆಯೊಳಗೆ ಮಾತ್ರ ಒಂದನ್ನೊಂದು ಕೂಡುತ್ತವೆ.

ಹೀಗೆಂದು ಮನಸ್ಸು ಮೃದುವಾಗುತ್ತಿದ್ದಂತೆಯೇ ಮೇಷ್ಟ್ರು ಕೊಡೆಯ ತುದಿಯಿಂದ ಗೋಡೆಯನ್ನು ತಟ್ಟಿ, ‘ಇದೇನು ಮಹಾ ಎತ್ತರವಿಲ್ಲ, ಹಾರಬಹುದು’ ಎಂದರು.

ಆದಕಾರಣ ವಾಚಕ ಮಹಾಶಯರಲ್ಲಿ ವಿನಂತಿ: ಬರುವ ಆಷಾಢದಲ್ಲಿ ನಂದಿಗೆ ಬಂದಾಗ ಬಿಚ್ಚದ ಕೊಡೆಯ ಹಿರಿಯರೊಬ್ಬರು ನಿಮ್ಮ ಕಿವಿಯ ಬಳಿ ಬಾಗಿದರೆ, ಭಕ್ತಿಯಿಂದ ನಮಸ್ಕರಿಸಿ, ಅವರ ಕಥೆಗಳನ್ನೆಲ್ಲ ಕೇಳಿ, ಟಾರು ರಸ್ತೆಯನ್ನು ಮಾತ್ರ ಬಿಡಬೇಡಿ. ಮಜ್ಜಿಗೆ ಕೊಡುವುದು ಅಲ್ಲಿಯೇ.